ಹುಣಸಗಿಯ ಕಲ್ಲುಗಳಲ್ಲಿ ನೆನಪಿನ ಚರಿತ್ರೆ

ಚರಿತ್ರೆ ಎಂದೊಡನೆ ಶಾಸನ, ನಾಣ್ಯ, ಕೈಫಿಯತ್ತು, ಕಚೇರಿಯ ಕಡತ ಇವು ನಮ್ಮ ಕಣ್ಣ ಮುಂದೆ ಬರುತ್ತವೆ. ಇವೆಲ್ಲವೂ ಒಂದರ್ಥದಲ್ಲಿ ನೆನಪಿನ ಸಾಧನಗಳೇ. ತಲೆಯಲ್ಲಿ ಉಳಿಯಲಾರದ್ದು ಕಲ್ಲು, ಲೋಹ, ಕಾಗದಗಳಲ್ಲಾದರೂ ಉಳಿಯಲಿ ಎಂದು ಮನುಷ್ಯ ಮಾಡಿಕೊಂಡ ಏರ್ಪಾಡುಗಳಿವು. ಹಾಗಾದರೆ ಅಕ್ಷರವೇ ಇಲ್ಲದ ಕಾಲದಲ್ಲಿ ಮನುಷ್ಯ ಏನನ್ನು, ಹೇಗೆ ನೆನಪಿಟ್ಟುಕೊಳ್ಳುತ್ತಿದ್ದ? ಈ ಪ್ರಶ್ನೆಗೆ ಅಲ್ಪಸ್ವಲ್ಪವಾದರೂ ಉತ್ತರ ಹೇಳಬಲ್ಲ ಸ್ಥಳಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಅವುಗಳಲ್ಲಿ ಒಂದು ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ.

ಸುರಪುರ ಸೀಮೆಯ ಇತಿಹಾಸವೆಂದರೆ ಬಹುಮಂದಿಗೆ 1857-58ರ ಬಂಡಾಯದ ರಾಜಾ ವೆಂಕಟಪ್ಪ ನಾಯಕ ನೆನಪಾಗುತ್ತಾನೆ. ಅದಕ್ಕೆ ಮೊದಲು ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಈ ಸೀಮೆಯ ಪ್ರಾಚೀನ ಶಿಲಾಗೋರಿಗಳನ್ನು ಕುರಿತು ಬರೆದು ವಿದ್ವಾಂಸರ ಗಮನ ಸೆಳೆದಿದ್ದ. ಆದರೆ ಅವುಗಳಿಗಿಂತ ಎಷ್ಟೋ ಪಾಲು ಹಳೆಯದಾದ ಸಂಪತ್ತು ಹುಣಸಗಿಯ ಹಳ್ಳಕೊಳ್ಳಗಳಲ್ಲಿ ಮಲಗಿತ್ತು. ಅದನ್ನು ಬೆಳಕಿಗೆ ತಂದವರು ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಡಾ. ಕೆ. ಪದ್ದಯ್ಯ. 1960ರ ದಶಕದಲ್ಲಿ ನವಶಿಲಾಯುಗದ ನೆಲೆಗಳ ಅಧ್ಯಯನಕ್ಕೆಂದು ಈ ಸೀಮೆಗೆ ಬಂದ ಅವರು, ಮುಂದಿನ ಹಲವು ದಶಕಗಳ ಕಾಲ ಇಲ್ಲಿನ ಹೊಲ, ದಿನ್ನೆ, ಹಳ್ಳಗಳಲ್ಲಿ ನಡೆದಾಡಿ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಹಳೆ ಶಿಲಾಯುಗದ ಸುಮಾರು ಇನ್ನೂರು ನೆಲೆಗಳನ್ನು ಗುರುತಿಸಿದರು.

ಇವುಗಳಲ್ಲಿ ಹೆಸರಾದದ್ದು ಇಸಾಂಪುರದ ನೆಲೆ. 1990ರ ದಶಕದ ಕೊನೆಯಲ್ಲಿ ಅಲ್ಲಿ ಉತ್ಖನನ ನಡೆದಾಗ ಕಂಡದ್ದು ಆದಿಮಾನವರ ಕಲ್ಲಿನ ಕಾರ್ಖಾನೆ. ನೆಲದಲ್ಲೇ ಹಾಸು ಹಾಸಾಗಿ ಬಿರಿದಿದ್ದ ಸುಣ್ಣಕಲ್ಲು, ಅದನ್ನು ಒಡೆಯಲು ಬಳಸಿದ ಗುಂಡುಗಲ್ಲುಗಳು, ಸಿಡಿದ ಚಕ್ಕೆಗಳು, ಅರ್ಧಕ್ಕೆ ಬಿಟ್ಟ ಮತ್ತು ಪೂರ್ತಿಯಾದ ಕೈಗೊಡಲಿಗಳು ಹತ್ತಿರ ಹತ್ತಿರವೇ ಬಿದ್ದಿದ್ದವು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ವಿಧಾನದಿಂದ ಪರೀಕ್ಷಿಸಿದಾಗ ಅವುಗಳ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ತಿಳಿದುಬಂತು. ಭಾರತದಲ್ಲಿ ಇದಕ್ಕಿಂತ ಹಳೆಯದೆಂದು ಹೆಸರಾದ ನೆಲೆ ತಮಿಳುನಾಡಿನ ಅತ್ತಿರಂಪಾಕ್ಕಂ; ಅದರ ಕಾಲ ಸುಮಾರು 15 ಲಕ್ಷ ವರ್ಷ ಎಂದು 2011ರಲ್ಲಿ ಪ್ರಕಟವಾಯಿತು. ಆಗ ನಮ್ಮಂಥ ಮನುಷ್ಯರು ಇನ್ನೂ ಹುಟ್ಟಿರಲಿಲ್ಲ. ಹುಣಸಗಿಯಲ್ಲಿ ಕಲ್ಲು ಒಡೆದವರು ನಮಗಿಂತ ಹಿಂದಿನ, ನಮಗಿಂತ ಚಿಕ್ಕ ಮೆದುಳಿನ ಮಾನವರು.

ಈ ಕಲ್ಲುಗಳಿಗೂ ನೆನಪಿಗೂ ಏನು ಸಂಬಂಧ? ಅದನ್ನು ತಿಳಿಯಲು ನೆನಪಿನ ವಿಜ್ಞಾನದ ಒಂದು ಪ್ರಸಿದ್ಧ ಪ್ರಕರಣವನ್ನು ನೋಡಬೇಕು. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ ಯುವಕನ ಅಪಸ್ಮಾರವನ್ನು ಹತೋಟಿಗೆ ತರಲು ವೈದ್ಯರು ಆತನ ಮೆದುಳಿನ ಎರಡೂ ಬದಿಯಿಂದ ಹಿಪೊಕ್ಯಾಂಪಸ್ ಎಂಬ ಭಾಗವನ್ನೂ ಅದರ ಸುತ್ತಲಿನ ಅಂಶವನ್ನೂ ಬಹುಪಾಲು ತೆಗೆದುಹಾಕಿದರು. ಅಪಸ್ಮಾರವೇನೋ ತಗ್ಗಿತು. ಆದರೆ ಹೊಸ ಸಂಗತಿಯೊಂದನ್ನು ನೆನಪಿನಲ್ಲಿಡುವ ಶಕ್ತಿ ಹೊರಟುಹೋಯಿತು. ಈಗಷ್ಟೇ ಮಾತನಾಡಿಸಿ ಹೋದವರು ಮತ್ತೆ ಬಂದರೆ ಆತನಿಗೆ ಹೊಸಬರೇ. 2008ರಲ್ಲಿ ತೀರಿಕೊಳ್ಳುವವರೆಗೂ ಆತನ ಸ್ಥಿತಿ ಹಾಗೆಯೇ ಇತ್ತು.

ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಆತನಿಗೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಚಿತ್ರವೊಂದರ ಗೆರೆಯನ್ನು ತಿದ್ದಬೇಕು. ಮೊದಲ ದಿನ ಕೈ ತಪ್ಪುತ್ತಿತ್ತು. ಮೂರನೆಯ ದಿನದ ಹೊತ್ತಿಗೆ ಗೆರೆ ಸಲೀಸಾಗಿ ಮೂಡತೊಡಗಿತು. ಆದರೆ ಆ ಕೆಲಸವನ್ನು ಹಿಂದೆಂದಾದರೂ ಮಾಡಿದ್ದೇನೆಂಬುದೇ ಆತನಿಗೆ ಗೊತ್ತಿರಲಿಲ್ಲ. ಮನಸ್ಸು ಮರೆತದ್ದನ್ನು ಕೈ ಕಲಿತಿತ್ತು. ನೆನಪು ಎಂಬುದು ಒಂದೇ ಉಗ್ರಾಣವಲ್ಲ, ಅದರಲ್ಲಿ ಬೇರೆ ಬೇರೆ ಬಗೆಗಳಿವೆ, ಅವಕ್ಕೆ ಮೆದುಳಿನಲ್ಲಿ ಬೇರೆ ಬೇರೆ ನೆಲೆಗಳಿವೆ ಎಂಬುದು ಇದರಿಂದ ಸ್ಪಷ್ಟವಾಯಿತು. ಸೈಕಲ್ ತುಳಿಯುವುದು, ರೊಟ್ಟಿ ಬಡಿಯುವುದು ಕೈಕಾಲಿನ ನೆನಪು. ಕಳೆದ ಜಾತ್ರೆಯಲ್ಲಿ ಯಾರು ಸಿಕ್ಕಿದ್ದರು ಎಂಬುದು ಘಟನೆಯ ನೆನಪು. ಬಸವಣ್ಣ ಹನ್ನೆರಡನೆಯ ಶತಮಾನದವನು ಎಂಬುದು ತಿಳಿವಳಿಕೆಯ ನೆನಪು. ಕೊನೆಯ ಎರಡರ ನಡುವಿನ ಭೇದವನ್ನು 1972ರಲ್ಲಿ ಎಂಡೆಲ್ ಟಲ್ವಿಂಗ್ ವಿವರಿಸಿದರು.

ಈಗ ಇಸಾಂಪುರಕ್ಕೆ ಮರಳೋಣ. ಅಲ್ಲಿನ ಕುಶಲಿಗಳು ಎಲ್ಲ ಕಲ್ಲನ್ನೂ ಒಂದೇ ರೀತಿ ಒಡೆಯುತ್ತಿರಲಿಲ್ಲ. ತೆಳುವಾದ ಹಾಸು ಸಿಕ್ಕರೆ ಅದರ ಅಂಚನ್ನೇ ಕೆತ್ತಿ ಕೈಗೊಡಲಿ ಮಾಡುತ್ತಿದ್ದರು. ದಪ್ಪ ಹಾಸಾದರೆ ಅದರಿಂದ ದೊಡ್ಡ ಚಕ್ಕೆ ಎಬ್ಬಿಸಿ, ಆ ಚಕ್ಕೆಯನ್ನು ಆಯುಧವಾಗಿ ತಿದ್ದುತ್ತಿದ್ದರು. ಪೆಟ್ಟು ಎಲ್ಲಿ ಬೀಳಬೇಕು, ಯಾವ ಕೋನದಲ್ಲಿ, ಎಷ್ಟು ಬಿರುಸಿನಿಂದ ಬೀಳಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ಸೆರಿ ಶಿಪ್ಟನ್, ಮೈಕೇಲ್ ಪೆಟ್ರಾಗ್ಲಿಯ ಹಾಗೂ ಪದ್ದಯ್ಯನವರು ಇಸಾಂಪುರದ ಆಯುಧಗಳ ತಯಾರಿಕೆಯನ್ನು ಪ್ರಯೋಗಗಳಿಂದ ಪರಿಶೀಲಿಸಿ 2009ರಲ್ಲಿ ಪ್ರಬಂಧ ಪ್ರಕಟಿಸಿದರು. ಇದು ಕೈಯ ನೆನಪಿನ ಸಾಕ್ಷಿ.

ಆದರೆ ಕೈ ಒಂದೇ ಸಾಲದು. ಒಂದು ಪೆಟ್ಟು ಹೊಡೆಯುವಾಗ ಮುಂದಿನ ನಾಲ್ಕು ಪೆಟ್ಟುಗಳ ಲೆಕ್ಕ, ಕೊನೆಗೆ ಬರಬೇಕಾದ ಆಕಾರದ ಕಲ್ಪನೆ ಮನಸ್ಸಿನಲ್ಲಿ ನಿಂತಿರಬೇಕು. ಬಾಯಿಲೆಕ್ಕ ಮಾಡುವಾಗ ದಶಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇವಲ್ಲ, ಅಂಥ ಕ್ಷಣಕಾಲದ ನೆನಪಿದು. ಶೆಲ್ಬಿ ಪಟ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಯಂಸೇವಕರು ಎರಡು ಬಗೆಯ ಕಲ್ಲಿನ ಆಯುಧಗಳನ್ನು ಮಾಡುವಾಗ ಅವರ ಮೆದುಳಿನ ಚಟುವಟಿಕೆಯನ್ನು ಅಳೆದರು. ಅತಿ ಪ್ರಾಚೀನವಾದ ಸರಳ ಚಕ್ಕೆ ಎಬ್ಬಿಸುವ ಕೆಲಸಕ್ಕಿಂತ, ಕೈಗೊಡಲಿ ಮಾಡುವಾಗ ಈ ಕ್ಷಣಕಾಲದ ನೆನಪಿಗೆ ಸಂಬಂಧಿಸಿದ ಭಾಗಗಳು ಹೆಚ್ಚು ಕೆಲಸ ಮಾಡುತ್ತಿದ್ದವು.

ಮೂರನೆಯದು ಸ್ಥಳದ ನೆನಪು. ಪದ್ದಯ್ಯನವರ ಅಭಿಪ್ರಾಯದಲ್ಲಿ ಈ ಜನ ಮಳೆಗಾಲದಲ್ಲಿ ಸಣ್ಣ ಗುಂಪುಗಳಾಗಿ ಕಣಿವೆಯಲ್ಲೆಲ್ಲ ಚದುರಿ, ಬೇಸಿಗೆಯಲ್ಲಿ ಒರತೆ ಬತ್ತದ ಜಾಗಗಳ ಸುತ್ತ ಒಟ್ಟುಗೂಡುತ್ತಿದ್ದರು. ನಮ್ಮ ಸೀಮೆಯ ಬೇಸಿಗೆ ಕಂಡವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಎಲ್ಲಿ ನೀರು, ಎಲ್ಲಿ ಒಳ್ಳೆಯ ಕಲ್ಲು ಎಂಬುದನ್ನು ಮರೆತ ಗುಂಪು ಉಳಿಯುತ್ತಿರಲಿಲ್ಲ. ದಾರಿ ಮತ್ತು ಜಾಗಗಳ ನಕ್ಷೆಯನ್ನು ಮೆದುಳಿನಲ್ಲಿ ರೂಪಿಸುವುದರಲ್ಲಿ ಮೊಲೈಸನ್ ಕಳೆದುಕೊಂಡ ಅದೇ ಹಿಪೊಕ್ಯಾಂಪಸ್‌ಗೆ ಮುಖ್ಯ ಪಾತ್ರವಿದೆ. ಅಲ್ಲಿನ ಕೆಲವು ನರಕೋಶಗಳು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುತ್ತವೆ ಎಂಬುದನ್ನು ಇಲಿಗಳಲ್ಲಿ ಮೊದಲು ಕಂಡವರು ಜಾನ್ ಓಕೀಫ್. 1971ರಲ್ಲಿ ಪ್ರಕಟವಾದ ಈ ಶೋಧಕ್ಕೆ ಅವರಿಗೆ 2014ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಿಕ್ಕಿತು.

ಒಬ್ಬ ಮನುಷ್ಯನ ನೆನಪು ಆತನ ಜೊತೆಗೇ ಮಣ್ಣಾಗುತ್ತದೆ. ಆದರೂ ಕೈಗೊಡಲಿಯ ವಿದ್ಯೆ ಹತ್ತು ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. 1932ರಲ್ಲಿ ಫ್ರೆಡರಿಕ್ ಬಾರ್ಟ್ಲೆಟ್ ಎಂಬ ಇಂಗ್ಲಿಷ್ ಮನೋವಿಜ್ಞಾನಿ, ಬಾಯಿಂದ ಬಾಯಿಗೆ ಹೋದ ಕಥೆ ಪ್ರತಿ ಸಲವೂ ಬದಲಾಗುತ್ತದೆಂದು ತೋರಿಸಿದ್ದರು. ಕೇಳಿದವನು ತನಗೆ ಅರ್ಥವಾಗದ್ದನ್ನು ಬಿಟ್ಟು, ತನಗೆ ಪರಿಚಿತವಾದದ್ದನ್ನು ಸೇರಿಸುತ್ತಾನೆ. ಕಲ್ಲಿನ ವಿದ್ಯೆ ಹಾಗೆ ಕೆಡದೆ ಉಳಿಯಲು ಒಂದು ಕಾರಣವನ್ನು ಊಹಿಸಬಹುದು. ಕಥೆ ತಪ್ಪಿದರೆ ತಿದ್ದುವವರು ಇರಲಿಕ್ಕಿಲ್ಲ. ಪೆಟ್ಟು ತಪ್ಪಿದರೆ ಕಲ್ಲೇ ಒಡೆದು ತಿಳಿಸುತ್ತದೆ. ಹಿರಿಯರ ಕೈ ನೋಡಿ ಕಲಿತ ಕಿರಿಯರಿಗೆ ಕಲ್ಲೂ ಒಬ್ಬ ಗುರುವಾಗಿತ್ತು. ಆದರೆ ಅವರು ರಾತ್ರಿ ಕುಳಿತು ನಿನ್ನೆಯ ಬೇಟೆಯನ್ನು ನೆನೆಯುತ್ತಿದ್ದರೇ, ಸತ್ತವರನ್ನು ನೆನೆದು ಮರುಗುತ್ತಿದ್ದರೇ ಎಂಬುದನ್ನು ಈ ಕಲ್ಲುಗಳು ಹೇಳುವುದಿಲ್ಲ. ಘಟನೆಯ ನೆನಪು ಕಲ್ಲಿನಲ್ಲಿ ಗುರುತು ಬಿಡುವುದಿಲ್ಲ.

ಗುರುತು ಬಿಟ್ಟಿರುವುದೂ ಈಗ ಅಳಿಯುತ್ತಿದೆ ಎಂಬುದು ವಿಷಾದದ ಸಂಗತಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಬದುಕು ಕೊಟ್ಟಿದೆ; ಅದನ್ನು ಬೇಡವೆನ್ನುವವರು ಯಾರೂ ಇಲ್ಲ. ಆದರೆ ಗದ್ದೆಗಾಗಿ ದಿನ್ನೆಗಳು ಸಮತಟ್ಟಾಗುತ್ತವೆ, ಒಡ್ಡು ರಸ್ತೆಗಳಿಗೆ ಮಣ್ಣು ಮೊರಂ ಹೋಗುತ್ತದೆ. ಅದರ ಜೊತೆಗೆ ಲಕ್ಷಾಂತರ ವರ್ಷ ಬಿದ್ದಲ್ಲೇ ಬಿದ್ದಿದ್ದ ಕಲ್ಲುಗಳು ಕದಲುತ್ತವೆ. ಮ್ಯೂಸಿಯಮ್ಮಿನಲ್ಲಿ ಹತ್ತು ಕೈಗೊಡಲಿ ಇಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ನೆನಪು ಒಂಟಿ ನರಕೋಶದಲ್ಲಿ ಕುಳಿತಿರುವುದಿಲ್ಲ, ನರಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುವುದರಲ್ಲಿ ಇರುತ್ತದೆ ಎಂಬುದನ್ನು 2000ದ ನೊಬೆಲ್ ಪಡೆದ ಎರಿಕ್ ಕ್ಯಾಂಡೆಲ್ ಸಮುದ್ರದ ಬಸವನಹುಳುವಿನ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟರು. ಪುರಾತತ್ವಕ್ಕೂ ಇದೇ ಮಾತು ಸಲ್ಲುತ್ತದೆ. ಯಾವ ಚಕ್ಕೆಯ ಪಕ್ಕದಲ್ಲಿ ಯಾವ ಗುಂಡುಗಲ್ಲು, ಯಾವ ಹಲ್ಲು ಇತ್ತು ಎಂಬ ಸಂಬಂಧ ತಿಳಿದಿದ್ದರಿಂದಲೇ ಇಸಾಂಪುರ ಇಷ್ಟನ್ನು ಹೇಳಿದೆ. ಜಾಗ ಬಿಟ್ಟು ಬಂದ ಕಲ್ಲು ತನ್ನ ಬಹುಪಾಲು ಸುದ್ದಿಯನ್ನು ಅಲ್ಲೇ ಬಿಟ್ಟು ಬರುತ್ತದೆ.

ಉಳಿದಿರುವ ನೆಲೆಗಳಲ್ಲಿ ಮುಖ್ಯವಾದ ಕೆಲವನ್ನಾದರೂ ಗುರುತಿಸಿ, ಗಡಿ ಹಾಕಿ, ಅವುಗಳ ಮಹತ್ವವನ್ನು ಸುತ್ತಲಿನ ಶಾಲೆಗಳ ಮಕ್ಕಳಿಗೆ ತಿಳಿಸುವುದು ಆಗದ ಕೆಲಸವೇನಲ್ಲ. ಹೊಲದ ಒಡೆಯನಿಗೆ ತನ್ನ ಬದುವಿನ ಕಲ್ಲು ಎಂಥದೆಂದು ಗೊತ್ತಾದರೆ ಅರ್ಧ ಕಾವಲು ಅಲ್ಲಿಗೇ ಮುಗಿಯಿತು. ಕಲ್ಲು ಒಡೆದವರು ತಮ್ಮ ವಿದ್ಯೆಯನ್ನು ಮರೆಯದೆ ಮುಂದಿನವರಿಗೆ ದಾಟಿಸಿದರು. ಆ ಕಲ್ಲು ಬಿದ್ದಿರುವ ಜಾಗವನ್ನು ಮುಂದಿನವರಿಗೆ ಉಳಿಸಿಕೊಡುವ ಸರದಿ ಈಗ ನಮ್ಮದು.