ಉದ್ಯೋಗಾಪಘಾತಗಳ ಅಂಕಿ-ಅಂಶ

ಉದ್ಯೋಗದ ಸ್ಥಳದಲ್ಲಿ, ಉದ್ಯೋಗದ ನಿಮಿತ್ತವಾಗಿ ಒದಗುವ ಮರಣ, ಅಂಗವೈಕಲ್ಯ ಮತ್ತು ಗಾಯಗಳನ್ನು ಒಂದು ದೇಶವು ಎಣಿಸಿ, ವರ್ಗೀಕರಿಸಿ, ಪ್ರಕಟಿಸುವ ಕ್ರಮ. 1923ರಲ್ಲಿ ಜಿನೀವದಲ್ಲಿ ನೆರೆದ ಶ್ರಮಸಂಖ್ಯಾತಜ್ಞರ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನವು ಈ ವಿಷಯವನ್ನು ಚರ್ಚೆಗೆ ಎತ್ತಿಕೊಂಡಿತು. ಭಾರತದಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಹುಟ್ಟಿದ್ದೂ ಅದೇ ವರ್ಷ.

ಭಾರತದಲ್ಲಿ ಈ ಗಣನೆಯ ಮೂಲ ಮಾಲೀಕನು ಬರೆದು ಕಳುಹಿಸುವ ವರದಿ. 1948ರ ಕಾರ್ಖಾನೆಗಳ ಕಾಯಿದೆಯ 88ನೆಯ ಪ್ರಕರಣದಂತೆ, ಮರಣ ಸಂಭವಿಸಿದಾಗ ಅಥವಾ ಗಾಯಾಳುವು 48 ಗಂಟೆ ಇಲ್ಲವೆ ಅದಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಅಸಮರ್ಥನಾದಾಗ, ಕಾರ್ಖಾನೆಯ ವ್ಯವಸ್ಥಾಪಕನು ರಾಜ್ಯದ ಕಾರ್ಖಾನೆ ಇಲಾಖೆಗೆ ತಿಳಿಸಬೇಕಾಗಿತ್ತು. ರಾಜ್ಯಗಳ ವಾರ್ಷಿಕ ತಖ್ತೆಗಳು 1946ರಲ್ಲಿ ಸ್ಥಾಪಿತವಾದ ಕೇಂದ್ರದ ಕಾರ್ಮಿಕ ಬ್ಯೂರೊವನ್ನು ಸೇರುತ್ತವೆ. ಗಣಿಗಳ ಲೆಕ್ಕವು ಪ್ರತ್ಯೇಕವಾಗಿ ಧನಬಾದಿನ ಗಣಿ ಸುರಕ್ಷಾ ಮಹಾನಿರ್ದೇಶನಾಲಯದಲ್ಲಿ ಸಿದ್ಧವಾಗುತ್ತದೆ. ಬರಿಯ ಸಂಖ್ಯೆಯಿಂದ ಹೋಲಿಕೆ ಅಸಾಧ್ಯವಾದ ಕಾರಣ, ಗಾಯಗಳನ್ನು ದುಡಿದ ಮಾನವ-ಗಂಟೆಗಳಿಗೋ ಕಾರ್ಮಿಕರ ಸಂಖ್ಯೆಗೋ ಭಾಗಿಸಿ ದರವನ್ನು ಕಾಣುವರು. ತೀವ್ರತೆಯನ್ನು ಅಳೆಯಲು ಭಾರತೀಯ ಮಾನಕವು ಒಂದು ಮರಣವನ್ನು 6000 ದಿನಗಳ ನಷ್ಟವೆಂದು ಗ್ರಹಿಸುತ್ತದೆ. ಕ್ರೂರವೆಂದು ತೋರಿದರೂ ಗಣಿತಕ್ಕೆ ಬೇರೆ ದಾರಿಯಿಲ್ಲ.

ಈ ಗಣನೆಯ ಬಲೆಯ ಕಣ್ಣುಗಳು ದೊಡ್ಡವು. ಸಾಮಿಲ್ಲಿನಲ್ಲಿ ಬೆರಳು ಸೀಳಿಸಿಕೊಂಡವನು ಪಟ್ಟಿ ಕಟ್ಟಿಸಿಕೊಂಡು ಮರುದಿನವೇ ಕೆಲಸಕ್ಕೆ ಬಂದನೆಂದರೆ ಆ ಗಾಯ ಲೆಕ್ಕದಲ್ಲಿಲ್ಲ. ವಿದ್ಯುಚ್ಛಕ್ತಿಯಿದ್ದಲ್ಲಿ 10, ಇಲ್ಲದಲ್ಲಿ 20 ಕೆಲಸಗಾರರಿದ್ದರೆ ಕಾರ್ಖಾನೆಯೆಂಬ ಹಳೆಯ ಮಿತಿಯನ್ನು, 2025ರ ನವೆಂಬರಿನಲ್ಲಿ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು 20 ಮತ್ತು 40ಕ್ಕೆ ಏರಿಸಿತು. 48 ಗಂಟೆಗಳ ನಿಯಮವನ್ನು ಹಾಗೆಯೇ ಉಳಿಸಿಕೊಂಡಿತು.

ಕೆಳದಿ ಸೀಮೆಯೆನಿಸಿದ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈ ವ್ಯವಸ್ಥೆಯ ಇತಿಮಿತಿ ಸ್ಪಷ್ಟವಾಗುತ್ತದೆ. ವಿದ್ಯುದುತ್ಪಾದನೆಯೂ ಕಾನೂನಿನಲ್ಲಿ ತಯಾರಿಕೆಯೇ ಆದ್ದರಿಂದ ಜೋಗದ ವಿದ್ಯುದಾಗಾರದ ಅಪಘಾತ ಲೆಕ್ಕಕ್ಕೆ ಬರುತ್ತದೆ. ಆದರೆ ಜಂಬಿಟ್ಟಿಗೆ ಕಲ್ಲಿನ ಕಣಿಯು ಆರು ಮೀಟರಿಗಿಂತ ಆಳವಿಲ್ಲದೆ, 50ಕ್ಕಿಂತ ಹೆಚ್ಚು ಆಳುಗಳಿಲ್ಲದೆ, ಸಿಡಿಮದ್ದಿನ ಬಳಕೆಯೂ ಇಲ್ಲದಿದ್ದಲ್ಲಿ 1952ರ ಗಣಿ ಕಾಯಿದೆಯ ಬಹುಪಾಲು ವಿಧಿಗಳಿಂದ ವಿನಾಯಿತಿ ಪಡೆದಿತ್ತು. ಅಡಿಕೆ ತೋಟವಂತೂ ಕಾರ್ಖಾನೆಯೂ ಅಲ್ಲ, ಗಣಿಯೂ ಅಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಲೆಂದು, ಪಾಚಿಗಟ್ಟಿ ಜಾರುವ ಮರವನ್ನು ಕಾಲಿಗೆ ತಳೆ ಹಾಕಿಕೊಂಡು ಏರುವವನು, ಕೊಯ್ಲಿನ ಕಾಲದಲ್ಲಿ ಕೆಳಗಿಳಿಯದೆ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುವ ಕೊನೆಗಾರನು, ಈ ಸೀಮೆಯ ಅತ್ಯಂತ ಅಪಾಯದ ದುಡಿಮೆಯವರಲ್ಲಿ ಸೇರಿದವರು. ಅವರು ಬಿದ್ದರೆ ವರದಿ ಬರೆಯಬೇಕಾದ ವ್ಯವಸ್ಥಾಪಕನೇ ಇಲ್ಲ. ನೆಲದಲ್ಲೇ ನಿಂತು ಕೊನೆ ಇಳಿಸುವ ಫೈಬರ್ ದೋಟಿ ಬಂದ ಮೇಲೆ ಮರವೇರುವುದು ಕೆಲವೆಡೆ ತಗ್ಗಿದೆ. ಅದರಿಂದ ಬೀಳುವವರು ಎಷ್ಟು ಕಡಿಮೆಯಾದರೆಂದು ಹೇಳುವ ಸರ್ಕಾರಿ ತಖ್ತೆ ಮಾತ್ರ ಯಾವುದೂ ಇಲ್ಲ.

ಬಿದ್ದವನು ಸತ್ತರೆ ಪೊಲೀಸ್ ಠಾಣೆಯಲ್ಲಿ ಅಸ್ವಾಭಾವಿಕ ಮರಣವೆಂದು ದಾಖಲಾಗಿ, ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಆಕಸ್ಮಿಕ ಮರಣಗಳ ವಾರ್ಷಿಕ ಗ್ರಂಥದಲ್ಲಿ ಎತ್ತರದಿಂದ ಬಿದ್ದವರ ಸಾಲಿಗೆ ಸೇರುತ್ತಾನೆ. ಅಲ್ಲಿ ಮನೆಯ ಮಾಳಿಗೆಯಿಂದ ಬಿದ್ದವನಿಗೂ ಕೂಲಿಗಾಗಿ ಮರವೇರಿ ಬಿದ್ದವನಿಗೂ ಭೇದವಿಲ್ಲ. ಬೆನ್ನುಹುರಿ ಮುರಿದು ಬದುಕುಳಿದವನಿಗೆ ಆ ಸಾಲೂ ದೊರೆಯದು.

ರೋಗದ ವಿಚಾರದಲ್ಲಿಯೂ ಹೀಗೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರನ್ನು ಬಲಿತೆಗೆದುಕೊಂಡ ಮಂಗನಕಾಯಿಲೆಯು ಉಣ್ಣೆಯ ಕಡಿತದಿಂದ ಹರಡುವುದರಿಂದ, ಸೊಪ್ಪು, ದರಕು, ಸೌದೆಗೆಂದು ಕಾಡು ಹೊಕ್ಕವರನ್ನೂ ದನ ಮೇಯಿಸುವವರನ್ನೂ ಮುಖ್ಯವಾಗಿ ಹಿಡಿಯುತ್ತದೆ. ಸೋಂಕಿನ ವಿಶೇಷಾಪಾಯವುಳ್ಳ ಕೆಲಸಗಳಲ್ಲಿ ತಗಲುವ ವ್ಯಾಧಿಗಳನ್ನು 1923ರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯು ಔದ್ಯೋಗಿಕ ರೋಗಗಳೆಂದು ಒಪ್ಪಿತ್ತು. ಆದರೂ ಮಂಗನಕಾಯಿಲೆಯ ರೋಗಿಗಳನ್ನು ಎಣಿಸುವುದು ಆರೋಗ್ಯ ಇಲಾಖೆ. ಆ ಎಣಿಕೆ ಕಾರ್ಮಿಕ ಬ್ಯೂರೊದ ತಖ್ತೆಗೆ ಹೋಗುವುದಿಲ್ಲ.