ಬಚ್ಚಲುಮನೆಯ ಕಥೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲು ಇರುತ್ತಿದ್ದುದು ಹಿಂಬದಿಗೆ. ಹಗಲಲ್ಲೂ ಅಲ್ಲಿ ಕತ್ತಲು. ಹಂಡೆಯ ಒಲೆಯ ಬೆಂಕಿಯೇ ಬೆಳಕು. ದೀಪಾವಳಿಯ ಎಣ್ಣೆಸ್ನಾನಕ್ಕೆ ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಎಣ್ಣೆ ತಟ್ಟುತ್ತ ನನ್ನಜ್ಜಿ ಒಂದು ಕಥೆ ಹೇಳುತ್ತಿದ್ದಳು. ಇಡೀ ಕಥೆ ನಾಲ್ಕೇ ಮಾತು. ಬಿದನೂರಿನಲ್ಲಿ ಒಬ್ಬ ಹುಡುಗ ದೊರೆ ಇದ್ದ. ಎಣ್ಣೆ ತಿಕ್ಕಲು ಬಂದ ಜೆಟ್ಟಿ ಅವನ ಕತ್ತು ತಿರುಚಿದ. ತಿರುಚಲು ಹೇಳಿದವಳು ರಾಣಿ. ಐದು ವರ್ಷ ಕಳೆದ ಮೇಲೆ ಅದೇ ಹುಡುಗ ಹೈದರನ ದಂಡಿನ ಜೊತೆ ಬಂದ. ಅಷ್ಟು ಹೇಳಿ ಅವಳು 'ತಲೆ ಬಗ್ಗಿಸು' ಎನ್ನುತ್ತಿದ್ದಳು. ಬಗ್ಗಿಸಲು ನನಗೆ ಧೈರ್ಯವಾಗುತ್ತಿರಲಿಲ್ಲ.

ನಮ್ಮ ಕಡೆ ಹೆದರಿಸುವ ಕಥೆಗಳಿಗೆ ಬರಗಾಲವಿರಲಿಲ್ಲ. ಗದ್ದೆಯ ಬದುವಿನ ಕೊಳ್ಳಿದೆವ್ವ, ಕಾಡಿನಂಚಿನ ಚೌಡಿ, ಹೊಳೆಯ ಗುಂಡಿಯಲ್ಲಿ ಕಾಲು ಹಿಡಿದೆಳೆಯುವವರು ಎಲ್ಲರೂ ಇದ್ದರು. ಚೌಡಿಗಾದರೆ ಒಂದು ಕೋಳಿ ಹರಕೆ ಹೊತ್ತರೆ ಸಾಕು, ಸಮಾಧಾನ. ಬಚ್ಚಲಿನ ಕಥೆಗೆ ಅಂಥ ಪರಿಹಾರವಿರಲಿಲ್ಲ. ಅದರಲ್ಲಿ ಕೊಲ್ಲುವುದು ದೆವ್ವವಲ್ಲ, ದಿನವೂ ಮೈ ನೀವುವ ಕೈ. ಮುಂದೆ ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಕದ್ದು ಓದುವ ವಯಸ್ಸು ಬಂದಾಗ ಇನ್ನೊಂದು ವ್ಯತ್ಯಾಸ ಹೊಳೆಯಿತು. ಅಲ್ಲಿ ಪತ್ತೇದಾರ ಪುರುಷೋತ್ತಮ ಬಂದು ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ. ಬಿದನೂರಿನ ಕಥೆಗೆ ಪತ್ತೇದಾರ ಬರಲೇ ಇಲ್ಲ.

ಕಥೆಯ ಹಿಂದಿನ ಚರಿತ್ರೆ ಇಷ್ಟು. ಕೆಳದಿಯ ಅರಸರ ರಾಜಧಾನಿ ಮೊದಲು ಸಾಗರದ ಪಕ್ಕದ ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಇಂದಿನ ಹೊಸನಗರ ತಾಲ್ಲೂಕಿನ ಬಿದನೂರು. ತೀರ್ಥಹಳ್ಳಿ ಸೀಮೆಯ ಕವಲೇದುರ್ಗ ಅವರ ಭದ್ರ ಕೋಟೆ. ಹೀಗಾಗಿ ಮೂರೂ ತಾಲ್ಲೂಕಿನವರಿಗೆ ಇದು ಮನೆಯ ಕಥೆಯೇ. ಎರಡನೆಯ ಬಸಪ್ಪನಾಯಕ ತೀರಿಕೊಂಡ ಮೇಲೆ ದತ್ತುಮಗ ಚೆನ್ನಬಸಪ್ಪನಾಯಕ ಪಟ್ಟಕ್ಕೆ ಬಂದ. ಆ ಹುಡುಗನೂ ಹೆಚ್ಚು ಕಾಲ ಬದುಕಲಿಲ್ಲ. 1757ರ ಹೊತ್ತಿಗೆ ಬಸಪ್ಪನಾಯಕನ ವಿಧವೆ ವೀರಮ್ಮಾಜಿ ಇನ್ನೊಂದು ಮಗುವನ್ನು ದತ್ತು ಪಡೆದು ತಾನೇ ರಾಜ್ಯ ನಡೆಸತೊಡಗಿದಳು. ನಿಂಬಯ್ಯನೆಂಬವನ ಜೊತೆ ಅವಳಿಗೆ ಸಂಬಂಧವಿತ್ತು, ಅದಕ್ಕೆ ಅಡ್ಡ ಬಂದ ಹುಡುಗನನ್ನು ಮುಗಿಸಿದಳು ಎಂಬ ಮಾತು ಹುಟ್ಟಿತು.

ಮುಂದೆ ಹೈದರಾಲಿ ಚಿತ್ರದುರ್ಗದ ಕಡೆ ಇದ್ದಾಗ ಒಬ್ಬ ಯುವಕ ಅವನೆದುರು ಬಂದು ನಿಂತ. ನಾನೇ ಚೆನ್ನಬಸಪ್ಪ, ಜೆಟ್ಟಿ ನನ್ನನ್ನು ಕೊಲ್ಲದೆ ತನ್ನ ಮನೆಯಲ್ಲೇ ಬಚ್ಚಿಟ್ಟಿದ್ದ ಎಂದ. ಹೈದರನಿಗೆ ಬೇಕಾಗಿದ್ದ ನೆಪ ತಾನಾಗಿ ಕಾಲಿಗೆ ಬಂದು ಬಿದ್ದಿತು. 'ನ್ಯಾಯವಾದ ದೊರೆಗೆ ಪಟ್ಟ ಕಟ್ಟಲು' ಹೊರಟ ದಂಡು 1763ರಲ್ಲಿ ಬಿದನೂರನ್ನು ಹಿಡಿಯಿತು. ಕಪ್ಪ ಕೊಡುತ್ತೇನೆಂದು ರಾಣಿ ಹೇಳಿಕಳಿಸಿದರೂ ಹೈದರ ನಿಲ್ಲಲಿಲ್ಲ. ದಂಡಿಗೆ ಕಾಡಿನ ಗುಟ್ಟಿನ ದಾರಿ ತೋರಿಸಿದವನು ಅವಳದೇ ಆಸ್ಥಾನದ ಹಳೆಯ ಮಂತ್ರಿ.

ಕೊಲೆ ನಡೆಯಿತೋ ಇಲ್ಲವೋ? ಈ ಕಥೆ ವಿಸ್ತಾರವಾಗಿ ಸಿಗುವುದು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ. ಎಂದರೆ ಬಿದನೂರು ಬಿದ್ದು ಸುಮಾರು ಅರ್ಧ ಶತಮಾನದ ಮೇಲೆ. ಎಲ್ಲ ಇತಿಹಾಸಕಾರರೂ ಅದನ್ನು ಒಪ್ಪಿಲ್ಲ. ಕಥೆ ಮಾತ್ರ ಅವರ ಒಪ್ಪಿಗೆಗೆ ಕಾಯಲಿಲ್ಲ. ಕತ್ತಲ ಕೋಣೆ, ಎಣ್ಣೆಯ ಕೈ, ವಿಧವೆ, ಗುಟ್ಟಿನ ಗೆಳೆಯ, ಎದ್ದು ಬಂದ ಹೆಣ ಎಲ್ಲವೂ ಒಂದೆಡೆ ಸೇರಿದರೆ ಸಾಕ್ಷಿ ಕೇಳುವ ವ್ಯವಧಾನ ಯಾರಿಗೆ? ಕಥೆ ಚಿಕ್ಕದಾದಷ್ಟೂ ಪ್ರಶ್ನೆಗೆ ಜಾಗ ಕಡಿಮೆ. ಬಿಟ್ಟ ಜಾಗವನ್ನು ಕೇಳುವವನ ಭಯವೇ ತುಂಬುತ್ತದೆ. ಹೆದರಿದವನು ನಂಬಿಯೂ ಬಿಡುತ್ತಾನೆ. ನಾನೇ ನಂಬಿದ್ದೆ. ಅಜ್ಜಿಯೂ ಒಬ್ಬ ವಿಧವೆ, ಗಂಡಿಲ್ಲದ ಮನೆಯ ಯಜಮಾನಿಕೆಗಾಗಿ ದಾಯಾದಿಗಳಿಂದ ಬೇಕಾದಷ್ಟು ಮಾತು ಕೇಳಿದ್ದವಳು. ಅವಳೂ ರಾಣಿಯ ಮೇಲಿನ ಅಪವಾದವನ್ನು ಎಣ್ಣೆಯ ಜೊತೆ ನನ್ನ ತಲೆಗೆ ತಿಕ್ಕಿದ್ದಳೆಂಬುದು ಈಗ ನೆನೆದರೆ ಸಂಕಟವಾಗುತ್ತದೆ.

ಅಜ್ಜಿಯ ಕಥೆಯಲ್ಲಿ ಇಲ್ಲದ ಒಂದು ಮಾತು ವಿಲ್ಕ್ಸನ ಪುಸ್ತಕದಲ್ಲಿದೆ. ಬಿದನೂರು ಕೈಗೆ ಬಂದ ಮೇಲೆ ಹೈದರ ಆ ಯುವಕನಿಗೆ ಪಟ್ಟ ಕಟ್ಟಲಿಲ್ಲ. ಬಲ್ಲಾಳರಾಯನದುರ್ಗದಲ್ಲಿ ಸೆರೆ ಸಿಕ್ಕ ರಾಣಿಯನ್ನು, ಅವಳ ದತ್ತುಮಗನನ್ನು, ನಿಂಬಯ್ಯನನ್ನು, ಅವರ ಜೊತೆಗೇ 'ಸತ್ತು ಬದುಕಿದ' ಚೆನ್ನಬಸಪ್ಪನನ್ನು ಮಧುಗಿರಿಯ ಕೋಟೆಗೆ ಕಳಿಸಿದ. ಕೊಂದವಳೆಂಬ ಹೆಸರು ಹೊತ್ತವಳೂ ಸತ್ತವನೆಂಬ ಹೆಸರು ಹೊತ್ತವನೂ ಒಂದೇ ಸೆರೆಯಲ್ಲಿ. ಬಿದನೂರು ಹೈದರನಗರವಾಗಿ, ಬರಬರುತ್ತ ನಗರವಾಯಿತು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ವೀರಮ್ಮಾಜಿಯನ್ನು ಬಿಡಿಸಿತು. ಪುಣೆ ತಲುಪುವ ಮೊದಲೇ, ದಾರಿಯಲ್ಲಿ, ಅವಳು ತೀರಿಕೊಂಡಳು.

ಈಚೆಗೆ ಮಳೆಗಾಲದ ಒಂದು ಸಂಜೆ ಮೊಮ್ಮಗಳನ್ನು ನಗರದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಪಾಚಿ ಹಿಡಿದ ಕಲ್ಲಿನ ಮೇಲೆ ನಿಂತು, 'ಅಜ್ಜ, ಒಂದು ಹೆದರಿಕೆ ಕಥೆ ಹೇಳು' ಎಂದಳು. ನಾಲ್ಕು ಮಾತಿನದನ್ನೇ ಹೇಳಿ, ಐದನೆಯದಾಗಿ ಮಧುಗಿರಿಯನ್ನೂ ಸೇರಿಸಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: 'ಜೈಲಲ್ಲಿ ರಾಣಿ ಅವನ ಮುಖ ನೋಡಿ ನೀನು ಅವನೇ ಹೌದೋ ಅಲ್ಲವೋ ಅಂತ ಹೇಳಿದಳಾ?'

ಇಷ್ಟು ವರ್ಷದಲ್ಲಿ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಅದಕ್ಕೆ ಉತ್ತರ ಗೊತ್ತಿದ್ದವಳು ಅವಳೊಬ್ಬಳೇ. ಅವಳನ್ನು ಯಾರೂ ಕೇಳಿದಂತಿಲ್ಲ.