ನಾಲ್ಕು ಹೆಜ್ಜೆಯ ಕೆಂಡ

ಕಳೆದ ವರ್ಷ ನಮ್ಮ ಆಫೀಸಿನ ಔಟಿಂಗ್‌ನಲ್ಲಿ ರಾತ್ರಿ ಊಟಕ್ಕೂ ಮುಂಚೆ ಕೆಂಡ ತುಳಿಯೋ ಕಾರ್ಯಕ್ರಮ ಇತ್ತು. ರೆಸಾರ್ಟಿನ ಅಂಗಳದಲ್ಲಿ ಕೆಂಡ ಹರಡಿ, ಟ್ರೈನರ್ ಮೈಕ್ ಹಿಡಿದು "ಭಯ ಇರೋದು ತಲೆಯೊಳಗೆ ಮಾತ್ರ" ಅಂತಿದ್ದರು. ಎಲ್ಲರೂ ದಾಟಿದರು, ನಾನೂ ದಾಟಿದೆ. ಒಬ್ಬಳು ಸಹೋದ್ಯೋಗಿ ಮಾತ್ರ ಬೇಡ ಅಂದಳು. ಚಪ್ಪಾಳೆ ತಟ್ಟಿ, ಹೆಸರು ಕೂಗಿ ಕೂಗಿ ಕೊನೆಗೆ ಅವಳನ್ನೂ ಇಳಿಸಿದೆವು. ಮಧ್ಯದಲ್ಲಿ ಹೆದರಿ ಒಂದು ಕ್ಷಣ ನಿಂತುಬಿಟ್ಟಳು. ಬೆಳಗ್ಗೆ ನೋಡಿದರೆ ಅಂಗಾಲಲ್ಲಿ ಎರಡು ಬೊಬ್ಬೆ.

ಊರಿಗೆ ಬಂದಮೇಲೆ ಇದರ ಇತಿಹಾಸ ಓದುತ್ತಾ ಕೂತೆ.

ಹಳೇ ಮೈಸೂರಿನ ಕಡೆ ಇದಕ್ಕೆ ಕೊಂಡ ಹಾಯೋದು ಅಂತಾರೆ. ಹರಕೆ ಹೊತ್ತವರು ಉಪವಾಸವಿದ್ದು, ಮಿಂದು, ಮಡಿಯುಟ್ಟು ಹಾಯುತ್ತಾರೆ. ರಾಯಚೂರು, ಕೊಪ್ಪಳದ ಕಡೆ ಮೊಹರಂನಲ್ಲಿ ಕೆಂಡ ತುಳಿಯುವವರಲ್ಲಿ ಹಿಂದೂಗಳೂ ಇರುತ್ತಾರೆ. ಇಲ್ಲೆಲ್ಲ ಕೆಂಡಕ್ಕಿಳಿಯೋದು ದೇವರಿಗೆ ಕೊಟ್ಟ ಮಾತು ತೀರಿಸೋಕೆ. ಆತ್ಮವಿಶ್ವಾಸದ ಮಾತೇ ಅಲ್ಲಿಲ್ಲ.

ಇದನ್ನು ಅಳತೆಗೆ ಹಚ್ಚಿದ ಪ್ರಸಿದ್ಧ ಪ್ರಯೋಗ ನಡೆದದ್ದು 1935ರ ಸೆಪ್ಟೆಂಬರ್‌ನಲ್ಲಿ, ಇಂಗ್ಲೆಂಡಿನ ಸರ್ರೆಯಲ್ಲಿ. ನಡೆಸಿದ್ದು ದೆವ್ವದ ಮನೆಗಳ ಬೆನ್ನು ಹತ್ತಿ ಹೆಸರಾಗಿದ್ದ ಹ್ಯಾರಿ ಪ್ರೈಸ್. ನಡೆದದ್ದು ಕಾಶ್ಮೀರದ ಜಾದೂಗಾರ ಖುದಾ ಬಕ್ಷ್. ಕಾಲಿಗೆ ಏನೋ ಬಳಿದುಕೊಂಡಿದ್ದಾನೆ ಅನ್ನೋ ಅನುಮಾನ ಬರಬಾರದು ಅಂತ ಮೊದಲೇ ಪಾದ ತೊಳೆದು ಒರೆಸಿದರು. ಕೆಂಡದ ಮೇಲ್ಮೈ 430 ಡಿಗ್ರಿ ಸೆಲ್ಸಿಯಸ್. ಆತ ನಾಲ್ಕೇ ಹೆಜ್ಜೆಯಲ್ಲಿ ದಾಟಿದ, ಮತ್ತೊಮ್ಮೆಯೂ ದಾಟಿದ. ಒಂದು ಬೊಬ್ಬೆಯೂ ಇಲ್ಲ.

ಪವಾಡವಾ? ಎರಡು ವರ್ಷದ ನಂತರ ಇದೇ ತಂಡ ಇನ್ನೊಂದು ಪ್ರಯೋಗ ಮಾಡಿತು. ಈ ಸಲ ಯಾವ ಹರಕೆಯೂ ಇಲ್ಲದ ಇಂಗ್ಲಿಷ್ ಯುವಕನೊಬ್ಬ 12 ಅಡಿ ಕೆಂಡ ದಾಟಿ ಆರಾಮಾಗಿ ನಿಂತ. ಆದರೆ ಗುಂಡಿಯನ್ನು 20 ಅಡಿಗೆ ಉದ್ದ ಮಾಡಿದಾಗ, ದಿವ್ಯಶಕ್ತಿ ಇದೆ ಅಂದುಕೊಂಡಿದ್ದ ಅಹ್ಮದ್ ಹುಸೇನ್ ಕಾಲೇ ಸುಟ್ಟಿತು.

ಕಾರಣ ಸರಳ. ಓವನ್ ಒಳಗೆ ಕೈ ಹಾಕಿದರೆ ಗಾಳಿ ತಕ್ಷಣ ಸುಡಲ್ಲ. ಅಷ್ಟೇ ಬಿಸಿ ಇರೋ ಟ್ರೇ ಮುಟ್ಟಿದರೆ ಚುರ್ ಅನ್ನುತ್ತೆ. ಕಟ್ಟಿಗೆಯ ಕೆಂಡ, ಅದರ ಮೇಲಿನ ಬೂದಿ ಎರಡೂ ಶಾಖವನ್ನು ನಿಧಾನಕ್ಕೆ ದಾಟಿಸುತ್ತವೆ. ಒಂದು ಹೆಜ್ಜೆ ಅರ್ಧ ಸೆಕೆಂಡಿನಷ್ಟು ಹೊತ್ತು ಊರಿದರೆ ಪಾದ ಬಚಾವು. ನಿಂತರೆ ಸುಡುತ್ತೆ, ಎಷ್ಟೇ ಭಕ್ತಿ ಇರಲಿ, ಧೈರ್ಯ ಇರಲಿ.

ಈ ಅರ್ಧ ಸೆಕೆಂಡು 1980ರ ದಶಕದ ಅಮೆರಿಕದಲ್ಲಿ ವ್ಯಾಪಾರವಾಯಿತು. ಟೋನಿ ರಾಬಿನ್ಸ್ ತರಹದವರು ಕೆಂಡ ತುಳಿಯೋದನ್ನ ವ್ಯಕ್ತಿತ್ವ ವಿಕಸನದ ಪಾಠ ಮಾಡಿದರು. 2016ರಲ್ಲಿ ಡಲ್ಲಾಸ್‌ನ ಅವರ ಶಿಬಿರದಲ್ಲಿ ಸುಟ್ಟ ಗಾಯ ಮಾಡಿಕೊಂಡವರು 30ಕ್ಕೂ ಹೆಚ್ಚು ಮಂದಿ. ಅಲ್ಲಿಂದಲೇ ಸುತ್ತಿ ಸುತ್ತಿ ಅದು ನಮ್ಮ ರೆಸಾರ್ಟಿಗೂ ಬಂತು.

ಮೌಢ್ಯ ನಿಷೇಧ ಕಾಯ್ದೆ ಅಂತ ನಾವು ಕರೆಯೋ ಕರ್ನಾಟಕದ 2017ರ ಕಾನೂನು ಈ ವಿಷಯದಲ್ಲಿ ಜಾಣತನ ತೋರಿಸಿದೆ. ಕೊಂಡ ಹಾಯೋದನ್ನೇ ಅದು ನಿಷೇಧಿಸಲಿಲ್ಲ. ಜಾತ್ರೆ, ಹಬ್ಬಗಳಲ್ಲಿ ಕೆಂಡ ಹಾಯುವಂತೆ ಬಲವಂತ ಮಾಡೋದನ್ನ ಅಪರಾಧ ಅಂದಿತು. ಟೀಮ್ ಔಟಿಂಗ್ ಆ ಪಟ್ಟಿಯಲ್ಲಿಲ್ಲ ಬಿಡಿ.

ಖುದಾ ಬಕ್ಷ್ ಕಥೆಯಲ್ಲಿ ನನಗೆ ಹೆಚ್ಚು ಕಾಡಿದ್ದು ಕೊನೆಯ ಭಾಗ. ಎರಡು ಸಲ ದಾಟಿದವನನ್ನು ಮೂರನೇ ಸಲ ನಡೆಯೋಕೆ ಕೇಳಿದರು. ಒಳಗೆ ಏನೋ ಮುರಿದಿದೆ, ನಂಬಿಕೆ ಹೋಗಿದೆ, ಈಗ ಇಳಿದರೆ ಸುಡುತ್ತೆ ಅಂತ ಆತ ಒಲ್ಲೆ ಅಂದ. ಅಲ್ಲಿಗೆ ಪ್ರಯೋಗ ಮುಗಿಯಿತು.

ನಮ್ಮ ಸಹೋದ್ಯೋಗಿ ಮೊದಲನೇ ಸಲಕ್ಕೇ ಒಲ್ಲೆ ಅಂದಿದ್ದಳು. ಅವಳಿಗೆ ಸಾರಿ ಹೇಳಿದ್ದೇನೆ. ಈ ವರ್ಷದ ಔಟಿಂಗ್‌ನಲ್ಲಿ ಜಿಪ್‌ಲೈನ್ ಇದೆಯಂತೆ. ಬೇಡ ಅಂದವರ ಜೊತೆ ಕೆಳಗೇ ಕೂತು ಕಾಫಿ ಕುಡಿಯೋಣ ಅಂದುಕೊಂಡಿದ್ದೇನೆ.